ಹೂವಿರುವ ತನಕ ನೆಂಟ

ಹುಡುಗಿ ಬೇಡವೆಂದು ನಾನು ಹೇಳಿದ್ದು ಪುಷ್ಯ ಮಾಸದ ಒಂದು ಬುಧವಾರ ಸಂಜೆ. ಅಲ್ಲಿಂದ ಹೊರಟು, ಎರಡು ಬೀದಿ ದಾಟಿ, ರಾತ್ರಿ ಊಟಕ್ಕೆ ನಾವು ನಮ್ಮ ಮನೆಯಲ್ಲಿರಬೇಕಾಗಿತ್ತು. ಆದರೆ ನನ್ನ ಜೊತೆ ಬಂದಿದ್ದ ಸೋದರಮಾವ ಸಿಂಗ್ರಿಮಾವ ಆ ಮನೆಯ ಗೇಟು ದಾಟಿದ್ದು ಯುಗಾದಿಯ ಮರುದಿನ. ನನ್ನ ವಿಷಯ ಸ್ವಲ್ಪ ಬೇರೆ.

ನಮ್ಮೂರಿನಲ್ಲಿ ಅಂಗಳದಲ್ಲೋ ಹಿತ್ತಲಲ್ಲೋ ಒಂದೇ ಒಂದು ಹೂ ಅರಳಿದ್ದರೂ ಆ ಮನೆಯ ಗೇಟು ನೆಂಟರಿಗೆ ತೆರೆಯುವುದಿಲ್ಲ. ಒಳಗೆ ಬರುವಾಗ ತಂಟೆಯಿಲ್ಲ. ಬಂದು, ಕೂತು, ಒಂದು ಲೋಟ ನೀರು ಕುಡಿದರೆ ಮುಗಿಯಿತು, ನೀವು ನೆಂಟರು. ಆಮೇಲೆ ಚಿಲಕ ಏಳುವುದಿಲ್ಲ. ಮನೆಯವರು ತೆಗೆದು ಹಿಡಿದುಕೊಂಡರೆ ಅವರ ಕೈಯಿಂದ ಕಿತ್ತುಕೊಂಡು ಮುಚ್ಚಿಕೊಳ್ಳುತ್ತದೆ. ಗೋಡೆ ಹತ್ತಿದವರು ಹತ್ತಿದ ಕಡೆಗೇ ಇಳಿಯುತ್ತಾರೆ. ಸಾಮಾನುಗಳಿಗೆ ಮಾತ್ರ ಈ ತಾಪತ್ರಯವಿಲ್ಲ. ಬುತ್ತಿ ಡಬ್ಬಿ, ಬಟ್ಟೆಗಂಟು ಎಲ್ಲ ಗೋಡೆಯ ಮೇಲಿಂದ ಹೋಗಿ ಬರುತ್ತವೆ. ಹಾಗಾಗಿ ನಮ್ಮವರು ಅಂಗಳದಲ್ಲಿ ಒಂದೋ ಎರಡೋ ಗಿಡ ಇಟ್ಟುಕೊಂಡಿರುತ್ತಾರೆ. ನೆಂಟರು ಹೊರಡುವ ಹೊತ್ತಿಗೆ ಮನೆಯೊಡತಿ ಇದ್ದಬದ್ದ ಹೂವೆಲ್ಲ ಕಿತ್ತು ಅವರ ಮಡಿಲಿಗೆ ಹಾಕುತ್ತಾಳೆ, ಗೇಟು ತೆಗೆದುಕೊಳ್ಳುತ್ತದೆ. ಪರವೂರಿನವರು ಇದನ್ನು ಕಂಡು ಎಂಥ ಸಂಸ್ಕಾರವಂತರು ಎಂದು ಹೊಗಳುವುದುಂಟು. ವರ್ಷವಿಡೀ ಹೂ ಬಿಡುವ ದಾಸವಾಳ, ನಿತ್ಯಪುಷ್ಪಗಳ ಹೆಸರೆತ್ತಿದರೆ ನಮ್ಮ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಾರೆ. ಬೇರೆಯವರು ಶುಭಕಾರ್ಯಕ್ಕೆ ಆಗದೆಂದು ಬಿಡುವ ಆಷಾಢ, ಪುಷ್ಯಗಳಲ್ಲೇ ನಾವು ಹೆಣ್ಣು ನೋಡಲು ಹೋಗುವುದು. ಆಗ ಅಂಗಳಗಳು ಬೋಳಾಗಿರುತ್ತವೆ.

ನನ್ನ ಹೆಸರು ಮುಕುಂದ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಅಂದು ನಾನು, ಅಮ್ಮ, ಅಮ್ಮನ ತಮ್ಮ ಸಿಂಗ್ರಿಮಾವ ಮೂವರೂ ಹೋಗಿದ್ದು ರಿಟೈರಾದ ಡ್ರಿಲ್ ಮಾಸ್ತರ್ ಕೇಶವಯ್ಯನವರ ಮನೆಗೆ. ಮನೆಯಲ್ಲಿದ್ದವರು ಕೇಶವಯ್ಯ, ಅವರ ತಾಯಿ ತುಂಗಜ್ಜಿ, ಮಗಳು ಸುಭಾಷಿಣಿ. ಮುಂದಿನ ಅಂಗಳದಲ್ಲಿ ಹೂ ಅನ್ನುವುದೇ ಇರಲಿಲ್ಲ, ಬರಿ ಎಲೆ. ಸಿಂಗ್ರಿಮಾವ ಸುತ್ತ ಕಣ್ಣಾಡಿಸಿ, ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿ ಒಳಗೆ ನಡೆದರು. ಅಮ್ಮ ಮಾತ್ರ ಹೊಸಿಲಲ್ಲಿ ಒಂದು ಕ್ಷಣ ನಿಂತು ಗಾಳಿಯನ್ನು ಮೂಸಿದಳು. ಕೇಸರಿಬಾತು, ಬೋಂಡ, ಕಾಫಿ ಬಂದಾಗ, "ನನಗೆ ಇವತ್ತು ಉಪವಾಸ, ನೀರೂ ಕುಡಿಯೋ ಹಾಗಿಲ್ಲ" ಅಂದಳು. ಅದು ಯಾವ ಉಪವಾಸ ಎಂದು ನನಗೆ ಅರ್ಥವಾಗಲಿಲ್ಲ. ಮಾವ ಅಮ್ಮನ ತಟ್ಟೆಯನ್ನೂ ತಮ್ಮ ಕಡೆಗೆ ಎಳೆದುಕೊಂಡರು.

ಸುಭಾಷಿಣಿ ಎದುರಿಗೆ ಬಂದು ಕುಳಿತಳು. ನಾನು ಅವಳ ಮುಖ ನೋಡಿದೆ. ಕೆಲಸದ ಅಭ್ಯಾಸ ಕೆಟ್ಟದ್ದು. ಅವಳು ಎಡಗಣ್ಣನ್ನು ಕಿರಿದು ಮಾಡಿ ನನ್ನನ್ನು ನೋಡುತ್ತಿದ್ದಳು.

"ನಿಮ್ಮ ಎಡಗಣ್ಣಿನ ದೃಷ್ಟಿ ಕಡಿಮೆ ಆಗಿದೆ. ಒಂದ್ಸಲ ತೋರಿಸಿಕೊಳ್ಳಿ," ಅಂದೆ.

ನಾನು ಅವಳಿಗೆ ಆಡಿದ ಮೊದಲ ಮಾತು ಅದು. ಅವಳ ಮುಖ ಬಿಗಿಯಿತು. "ನಿಮಗೆ ಹೂವು ಅಂದ್ರೆ ಇಷ್ಟಾನಾ?" ಎಂದು ಕೇಳಿದಳು.

"ಇಲ್ಲ, ನನಗೆ ಸೀನು ಬರುತ್ತೆ," ಅಂದೆ. ಹೇಳಿದ್ದೇ ತಡ, ಹಿತ್ತಲ ಕಡೆಯಿಂದ ಗಾಳಿ ಬೀಸಿತು. ನಾನು ಸೀನಿದೆ. ಒಂದೇ ಒಂದು ಸೀನು. ತುಂಗಜ್ಜಿ, "ಅಯ್ಯೋ, ಒಂಟಿ ಸೀನು!" ಎಂದು ಎದೆ ಮುಟ್ಟಿಕೊಂಡರು.

"ಅಪ್ಪ, ನನಗೆ ಇವರು ಬೇಡ," ಅಂದಳು ಸುಭಾಷಿಣಿ. "ನನಗೂ ಅಷ್ಟೇ," ಅಂದೆ ನಾನು. ಅಷ್ಟು ಚುರುಕಾಗಿ ಮುಗಿದ ಮಾತುಕತೆ ನಮ್ಮೂರಿನಲ್ಲಿ ಮತ್ತೊಂದಿಲ್ಲ. ಯಾರಿಗೂ ಬೇಸರವಿರಲಿಲ್ಲ. ಕೈ ತೊಳೆದುಕೊಂಡು, ನಮಸ್ಕಾರ ಹೇಳಿ ಹೊರಟೆವು. ಅಮ್ಮ ಗೇಟು ತೆಗೆದು ಆಚೆ ಹೋದಳು. ಅವಳ ಹಿಂದೆ ಹೋದ ಮಾವನ ಹೊಟ್ಟೆಗೆ ಗೇಟು ಬಡಿಯಿತು.

"ಅಂದ್ಕೊಂಡೆ," ಅಂದಳು ಅಮ್ಮ ಆಚೆಯಿಂದ. "ಹಿತ್ತಲಲ್ಲಿ ಹೂವಿದೆ. ಒಂದಲ್ಲ, ತೋಟಾನೇ ಇದೆ. ಇಂಥ ವಾಸನೆ ಇರೋ ಮನೇಲಿ ಯಾರಾದ್ರೂ ಬಾಯಿ ತೆಗೀತಾರಾ?"

ಕೇಶವಯ್ಯ ಗಾಬರಿಯಾಗಿ ಹಿತ್ತಲಿಗೆ ಓಡಿದರು, ನಾವು ಅವರ ಹಿಂದೆ. ನಾನು ಅಂಥದ್ದನ್ನು ನಮ್ಮೂರಿನಲ್ಲಿ ನೋಡಿರಲಿಲ್ಲ. ಬಾವಿಕಟ್ಟೆಯಿಂದ ಹಿಂದಿನ ಗೋಡೆಯ ತನಕ ಸೇವಂತಿಗೆ, ಚೆಂಡುಹೂ, ಕನಕಾಂಬರ, ಗುಲಾಬಿ. ಬೇಲಿಯುದ್ದಕ್ಕೂ ದಾಸವಾಳ, ಕೆಂಪು, ಬಿಳಿ, ಹಳದಿ. ಬಚ್ಚಲ ಮೋರಿಯ ಪಕ್ಕದಲ್ಲಿ ಯಾವ ಭಯವೂ ಇಲ್ಲದೆ ನಿತ್ಯಪುಷ್ಪ. ಸಿಂಗ್ರಿಮಾವ ಅದನ್ನು ಕಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಬೇಗ ಬುಟ್ಟಿ ತನ್ನಿ, ಕಿತ್ತುಬಿಡೋಣ," ಎಂದು ಕೇಶವಯ್ಯ ತೋಳು ಮಡಿಸಿದರು. ಸುಭಾಷಿಣಿ ಅವರಿಗೂ ಗಿಡಗಳಿಗೂ ನಡುವೆ ಬಂದು ನಿಂತಳು.

"ಒಂದು ಹೂವನ್ನೂ ಮುಟ್ಟೋ ಹಾಗಿಲ್ಲ ಅಂತ ಮೊದಲೇ ಹೇಳಿದ್ದೆ, ಅಪ್ಪ."

"ಹೇಳಿದ್ದೆ ತಾಯಿ. ಪುಷ್ಯದಲ್ಲಿ ಹೂವೇ ಇರಲ್ಲ ಅಂದ್ಕೊಂಡು ಹೂಂ ಅಂದೆ."

"ಒಂದು ದಿನ ಹಿತ್ತಲಿಗೆ ಬಂದು ನೋಡಿದ್ದಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಅವಳು ನಮ್ಮ ಕಡೆ ತಿರುಗಿ, ಜಗಳದ ದನಿಯೇನೂ ಇಲ್ಲದೆ ಹೇಳಿದಳು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯ ತನಕ ಒಂದು ದಿನವೂ ಹೂವಿಲ್ಲದೆ ಇರಬಾರದು, ಅಂಥ ತೋಟ ಮಾಡಬೇಕೆಂದು ಅವಳು ಐದು ವರ್ಷದಿಂದ ಒದ್ದಾಡುತ್ತಿದ್ದಳು. ಮಳೆಗಾಲಕ್ಕೆ ಇದ್ದರೆ ಚಳಿಗಾಲಕ್ಕೆ ಇರುತ್ತಿರಲಿಲ್ಲ, ಚಳಿಗಾಲ ದಾಟಿದರೆ ಬೇಸಿಗೆಯಲ್ಲಿ ಒಣಗುತ್ತಿತ್ತು. ಎಲ್ಲ ಹೊಂದಿಸಿಕೊಂಡು ಇನ್ನೇನು ಅನ್ನುವಾಗ ಯಾರಾದರೂ ಅವಳನ್ನು ನೋಡಲು ಬರುತ್ತಿದ್ದರು. ಅವರನ್ನು ಕಳಿಸಲು ತೋಟ ಬೋಳಿಸಬೇಕಾಗುತ್ತಿತ್ತು.

"ಬಂದವರೆಲ್ಲ ನನ್ನ ಹೂವು ಕಟ್ಟಿಸಿಕೊಂಡು ಹೋದ್ರು. ಒಪ್ಪಿಗೆ ಇಲ್ಲ ಅಂತಾನಾದ್ರೂ ಒಬ್ಬರು ಹೇಳಿ ಕಳಿಸಲಿಲ್ಲ. ಈ ವರ್ಷ ಇಲ್ಲಿವರೆಗೆ ಬಂದಿದೆ. ಯುಗಾದಿ ಆಗಲಿ. ಮರುದಿನ ನಾನೇ ನನ್ನ ಕೈಯಾರೆ ಎಲ್ಲಾನೂ ಕಿತ್ತು ಗೇಟು ತೆಗೆಸ್ತೀನಿ. ಅಲ್ಲೀವರೆಗೆ ಇಲ್ಲೇ ಇರಿ. ಊಟಕ್ಕೇನೂ ಕಮ್ಮಿ ಮಾಡಲ್ಲ."

"ಯುಗಾದಿ!" ಎಂದು ಸಿಂಗ್ರಿಮಾವ ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನು ಏನೋ ಹೇಳಲು ಬಾಯಿ ತೆಗೆದೆ, ಸೀನು ಬಂತು.

ಮೊದಲ ಕೆಲವು ದಿನ ನಾವು ಕಳ್ಳರಾದೆವು. ಸುಭಾಷಿಣಿ ಬೆಳಗ್ಗೆ ಸ್ನಾನಕ್ಕೆ ಹೋದ ಹೊತ್ತು ನೋಡಿ ನಾನೂ ಮಾವನೂ ಹಿತ್ತಲಿಗೆ ನುಗ್ಗಿ ಕೈಗೆ ಸಿಕ್ಕಿದ ಹೂವನ್ನೆಲ್ಲ ಕೀಳುವುದು, ಓಡಿ ಬಂದು ಚಿಲಕ ಎತ್ತುವುದು. ಅದು ಏಳುತ್ತಿರಲಿಲ್ಲ. ಆ ತೋಟ ನಾವು ಅಂದುಕೊಂಡಷ್ಟು ಸುಲಭದ್ದಲ್ಲ. ದಾಸವಾಳ ಮುಗಿಸುವಷ್ಟರಲ್ಲಿ ಬಿಸಿಲು ಏರಿ, ನೆಲಕ್ಕೆ ಹಬ್ಬಿದ ಹತ್ತು ಗಂಟೆಯ ಹೂ ಕಣ್ಣು ಬಿಡುತ್ತಿತ್ತು. ಅದು ಮುದುಡುವ ಹೊತ್ತಿಗೆ ಸಂಜೆಮಲ್ಲಿಗೆ. ಯಾವುದೋ ಎಲೆಯ ಮರೆಯಲ್ಲಿ ಕನಕಾಂಬರದ ಒಂದು ಎಸಳು. ನನ್ನ ಸೀನು ಬೇರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಒಂದು ದಿನ ಅವಳು ಸ್ನಾನಕ್ಕೆ ಹೋಗದೆ ಬಚ್ಚಲ ಬಾಗಿಲ ಹಿಂದೆಯೇ ನಿಂತಿದ್ದಳು. ಮಾವ ಸೇವಂತಿಗೆ ಗಿಡಕ್ಕೆ ಕೈ ಹಾಕಿದ್ದೇ ತಡ ಹೊರಗೆ ಬಂದಳು. ಮಾವ ಕಿತ್ತ ಹೂವನ್ನು ಬಾಯಿಗೆ ಹಾಕಿಕೊಂಡರು.

"ಅದಕ್ಕೆ ನಿನ್ನೆ ಬೇವಿನೆಣ್ಣೆ ಹೊಡೆದಿದ್ದೀನಿ," ಅಂದಳು ಅವಳು ಶಾಂತವಾಗಿ. ಮಾವ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಅವರ ಜೀವನದಲ್ಲಿ ಅದೇ ಮೊದಲು ಎಂದು ಅಮ್ಮ ಆಮೇಲೆ ಹೇಳಿದಳು.

ಅಂದಿನಿಂದ ಕೇಶವಯ್ಯ ನಮ್ಮನ್ನು ಕೆಲಸಕ್ಕೆ ಹಚ್ಚಿದರು. ಅವರದು ಮೃದು ಸ್ವಭಾವ, ಆದರೆ ಸೀಟಿ ಕೈಗೆ ಬಂದರೆ ಬೇರೆ ಮನುಷ್ಯರಾಗುತ್ತಿದ್ದರು. ಬೆಳಗ್ಗೆ ಸೀಟಿ ಊದಿದರೆ ಬಾವಿಯಿಂದ ನೀರು ಸೇದಬೇಕು. ಎರಡು ಸಲ ಊದಿದರೆ ಪಾತಿಗೆ ಹಾಕಬೇಕು. "ದಯವಿಟ್ಟು ಎಡಗಡೆಗೆ ತಿರುಗ್ತೀರಾ?" ಎಂದು ಬೇಡಿಕೊಳ್ಳುವಂತೆ ಆಜ್ಞೆ ಕೊಡುತ್ತಿದ್ದರು. ಸಿಂಗ್ರಿಮಾವ ಮೂರು ದಿನ ನೀರು ಹೊತ್ತು, ಸೊಂಟ ಹಿಡಿಯಿತೆಂದು ಜಗಲಿ ಸೇರಿದರು. ಅಲ್ಲಿ ತುಂಗಜ್ಜಿ ಚೌಕಾಬಾರದ ಮನೆ ಬರೆದು ಎದುರಾಳಿಗಾಗಿ ಕಾಯುತ್ತಿದ್ದರು. ಅಂದಿನಿಂದ ಮಾವನಿಗೆ ಸೊಂಟ ವಾಸಿಯಾಗಲಿಲ್ಲ.

ನನ್ನ ಅಂಗಡಿಯಲ್ಲಿ ಅಮ್ಮ ಕುಳಿತಳು. ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಗೋಡೆಯ ಹತ್ತಿರ ಬಂದು, ಮೊದಲು ತಮ್ಮನನ್ನು ಬೈದು, ಆಮೇಲೆ ನನ್ನನ್ನು ಬೈದು, ಕೊನೆಗೆ ಅಂಗಡಿಯ ಸುದ್ದಿ ಹೇಳುತ್ತಿದ್ದಳು. ವ್ಯಾಪಾರ ನನ್ನ ಕಾಲಕ್ಕಿಂತ ಚೆನ್ನಾಗಿತ್ತು. ಕಣ್ಣು ಪರೀಕ್ಷೆ ಮಾತ್ರ ಅವಳಿಗೆ ಬಾರದು. ಅದಕ್ಕೆ ಗಿರಾಕಿಗಳನ್ನು ಇಲ್ಲಿಗೆ ಕಳಿಸತೊಡಗಿದಳು. ಕೇಶವಯ್ಯನವರ ಜಗಲಿಯ ಕಂಬಕ್ಕೆ ಅಕ್ಷರದ ಬೋರ್ಡು ತೂಗುಹಾಕಿ, ಗಿರಾಕಿಯನ್ನು ಬೀದಿಯಲ್ಲಿ ನಿಲ್ಲಿಸಿ, ಗೋಡೆಯ ಮೇಲಿಂದ ಕೈ ಚಾಚಿ ನಾನು ಗಾಜು ಬದಲಾಯಿಸುತ್ತಿದ್ದೆ. ಗೋಡೆಯ ಮೇಲೆ ಲೆನ್ಸಿನ ಪೆಟ್ಟಿಗೆ, ಪಕ್ಕದಲ್ಲಿ ಚೆಂಡುಹೂವಿನ ಸಸಿ. ಬೀದಿಯ ದನವೊಂದು ಅಡ್ಡ ಬಂದರೆ ಪರೀಕ್ಷೆ ನಿಲ್ಲುತ್ತಿತ್ತು. ನಾನು ಒಂಟಿ ಸೀನು ಸೀನಿದರೂ ನಿಲ್ಲುತ್ತಿತ್ತು, ಏಕೆಂದರೆ ತುಂಗಜ್ಜಿ ಜಗಲಿಯಿಂದ, "ತಡಿಯಪ್ಪ ಮಗಾ, ಇನ್ನೊಂದು ಬರಲಿ, ಆಮೇಲೆ ನಂಬರು ಹೇಳು" ಎಂದು ಕೂಗುತ್ತಿದ್ದರು. ಗಿರಾಕಿಗಳೂ ನಂಬಿ ಕಾಯುತ್ತಿದ್ದರು.

ಸುಭಾಷಿಣಿ ನನ್ನೊಡನೆ ಮಾತಾಡುತ್ತಿರಲಿಲ್ಲ. ಕೆಲಸ ಹೇಳುತ್ತಿದ್ದಳು, ಅಷ್ಟೇ. "ಆ ಚೆಂಡುಹೂವಿನ ಸಸಿ ಈಗ ನೆಡಬೇಕು. ಇದು ಮುಗಿಯೋ ಹೊತ್ತಿಗೆ ಅದು ಶುರುವಾಗ್ಬೇಕು." "ಎಲ್ಲಾ ಗುಲಾಬೀನೂ ಒಟ್ಟಿಗೆ ಕತ್ತರಿಸಬೇಡಿ, ಒಂದು ಬಿಟ್ಟು ಒಂದು." ನಾನು ಮೂಗಿಗೆ ಟವೆಲು ಕಟ್ಟಿಕೊಂಡು ಕೇಳಿದಂತೆ ಮಾಡುತ್ತಿದ್ದೆ. ಮಾಡುತ್ತ ಮಾಡುತ್ತ ನನಗೂ ಅದರ ಲೆಕ್ಕಾಚಾರ ಹಿಡಿಸಿತು. ಹೂ ಬರಿಸುವುದು ಅಷ್ಟು ಕಷ್ಟವಲ್ಲ. ಎಲ್ಲವೂ ಒಟ್ಟಿಗೆ ಬಿಟ್ಟು ಒಟ್ಟಿಗೆ ಮುಗಿದುಹೋಗದಂತೆ ನೋಡಿಕೊಳ್ಳುವುದೇ ಕಷ್ಟ. ಸೇವಂತಿಗೆಯ ಕುಡಿ ಚಿವುಟಿದರೆ ಅದು ಮುನಿಸಿಕೊಂಡು ತಡವಾಗಿ ಹೂ ಬಿಡುತ್ತದೆ. ಆ ಮುನಿಸು ಎಷ್ಟು ದಿನದ್ದು ಎಂದು ಅವಳಿಗೆ ಗೊತ್ತಿತ್ತು. ಒಂದು ದಿನ ನಾನೇ, "ಈ ಸಾಲಿನದು ಚಿವುಟೋಣವಾ?" ಎಂದು ಕೇಳಿದೆ. ಅವಳು ಗಿಡ ನೋಡಿ, ನನ್ನನ್ನು ನೋಡಿ, "ಚಿವುಟಿ" ಅಂದಳು. ನನಗೆ ಅಂದು ಊಟ ಹೆಚ್ಚು ಸೇರಿತು.

ಮಾಘದಲ್ಲಿ ಸೇವಂತಿಗೆಗೆ ಕಪ್ಪು ಹೇನು ಹತ್ತಿತು. ಅವಳು ದಿನಾ ಎಲೆ ತಿರುವಿ ನೋಡುತ್ತಿದ್ದರೂ ಕಂಡಿರಲಿಲ್ಲ. ನಾನು ದೂರದಿಂದಲೇ ಕಂಡು ಹೇಳಿದೆ. ಅರ್ಧ ಸಾಲು ಕಿತ್ತುಹಾಕಬೇಕಾಯಿತು. ಅಂದು ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ಜಗಲಿಯ ಎದುರಿಗೆ ಬಂದು ನಿಂತಳು.

"ನನ್ನ ಎಡಗಣ್ಣಿನ ಬಗ್ಗೆ ಏನೋ ಅಂದಿದ್ರಲ್ಲ."

"ಏನೂ ಇಲ್ಲ ಬಿಡಿ."

"ಅಂದಿದ್ರಿ. ನೋಡಿ ಈಗ."

ಬೋರ್ಡಿನ ಮೂರನೆಯ ಸಾಲಿಗೇ ಅವಳು ತಡವರಿಸಿದಳು. ಗಾಜುಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಒಂದು ಗಾಜಿಗೆ ಅವಳು ಥಟ್ಟನೆ ಬೋರ್ಡು ಬಿಟ್ಟು ಆಚೆಗೆ, ಮನೆಯ ಪಕ್ಕದ ಸಂದಿಯಲ್ಲಿ ಕಾಣುವ ಹಿತ್ತಲ ದಾಸವಾಳದ ಬೇಲಿಯ ಕಡೆಗೆ ತಿರುಗಿದಳು. ತುಂಬ ಹೊತ್ತು ನೋಡಿದಳು. "ಅದರ ಎಸಳಿನ ಮೇಲೆ ಗೆರೆ ಇದೆಯಾ?" ಎಂದು ಕೇಳಿದಳು. "ಇದೆ," ಅಂದೆ. "ಮೊದಲೇ ಹೇಳಬಾರದಿತ್ತಾ?" ಅಂದಳು. ನಾನು ಮೊದಲೇ ಹೇಳಿದ್ದೆನಲ್ಲ ಎಂದು ನೆನಪಿಸಲಿಲ್ಲ. ಅಷ್ಟು ಬುದ್ಧಿ ನನಗೆ ಬಂದಿತ್ತು.

ಫಾಲ್ಗುಣದ ಕೊನೆಗೆ, ಯುಗಾದಿಗೆ ಒಂದು ವಾರವಿದೆ ಅನ್ನುವಾಗ ಕೇಶವಯ್ಯನವರೂ ಸುಭಾಷಿಣಿಯೂ ಹಬ್ಬದ ಬಟ್ಟೆ ತರಲು ಪೇಟೆಗೆ ಹೋದರು. ಮಧ್ಯಾಹ್ನದ ಬಿಸಿಲು ಇದ್ದಕ್ಕಿದ್ದಂತೆ ಕಪ್ಪಾಯಿತು. ನಾನು ಗೋಡೆಯ ಬಳಿ ಒಬ್ಬ ಮೇಷ್ಟರ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದೆ. ಮೊದಲ ಆಲಿಕಲ್ಲು ಮೇಷ್ಟರ ಟೋಪಿಗೆ ಬಿತ್ತು. ಎರಡನೆಯದು ನಿಂಬೆಹಣ್ಣಿನ ಗಾತ್ರದ್ದು. ಮೇಷ್ಟರು ಕನ್ನಡಕ ಬಿಟ್ಟು ಓಡಿದರು. ನಾನು ಹಿತ್ತಲಿಗೆ ಓಡಿದೆ. ಯಾಕೆ ಓಡಿದೆ ಎಂದು ಕೇಳಿದರೆ ಈಗಲೂ ಹೇಳಲಾರೆ. ಕಣ್ಣೆದುರಿಗೇ ದಾಸವಾಳಗಳು ಚಿಂದಿಯಾಗುತ್ತಿದ್ದವು, ಗುಲಾಬಿಯ ದಳಗಳು ಪಟಪಟನೆ ಉದುರುತ್ತಿದ್ದವು. ಕೈಗೆ ಗೊಬ್ಬರ ಹೊರುವ ಕಬ್ಬಿಣದ ಬಾಂಡಲಿ ಸಿಕ್ಕಿತು. ಹತ್ತಿರದಲ್ಲಿದ್ದದ್ದು ಬಚ್ಚಲ ಮೋರಿಯ ನಿತ್ಯಪುಷ್ಪ. ಅದರ ಮೇಲೆ ಬಾಂಡಲಿ ಬೋರಲು ಹಾಕಿ, ಹಾರದಂತೆ ಮೇಲೆ ಒಂದು ಕಲ್ಲಿಟ್ಟೆ. ಅಷ್ಟರಲ್ಲಿ ನನ್ನ ಹಣೆಗೆ ಒಂದು ಆಲಿಕಲ್ಲು ಬಿದ್ದು ಕಣ್ಣು ಕತ್ತಲೆಗಟ್ಟಿತು. ಜಗಲಿಗೆ ಬಂದು ಕುಳಿತೆ. ತುಂಗಜ್ಜಿ ನನ್ನ ಹಣೆಯ ಬುಗುಟಿಗೆ, ಬಿದ್ದ ಆಲಿಕಲ್ಲನ್ನೇ ಆರಿಸಿ ತಂದು ಒತ್ತಿದರು.

ಅವರಿಬ್ಬರೂ ತೊಯ್ದು ಮನೆಗೆ ಬಂದಾಗ ಮಳೆ ನಿಂತಿತ್ತು. ಸುಭಾಷಿಣಿ ನೇರವಾಗಿ ಹಿತ್ತಲಿಗೆ ಹೋದಳು. ತಿರುಗಿ ಬಂದು ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಹೊಸ ಸೀರೆಯ ಪೊಟ್ಟಣ ಇನ್ನೂ ಕಂಕುಳಲ್ಲೇ ಇತ್ತು.

"ಇನ್ನೊಂದು ವಾರ ಇತ್ತು," ಅಂದಳು. ಆಮೇಲೆ ನಮ್ಮ ಕಡೆ ನೋಡದೆ, "ನೀವು ಹೊರಡಬಹುದು. ಏನೂ ಉಳಿದಿಲ್ಲ" ಅಂದಳು.

ಕೇಶವಯ್ಯ ಸೀಟಿಯನ್ನು ಜೇಬಿನೊಳಗೆ ಹಾಕಿಕೊಂಡರು. ಸಿಂಗ್ರಿಮಾವನಿಗೆ ದುಃಖವಾಗಲಿಲ್ಲ ಎಂದರೆ ತಪ್ಪಾಗುತ್ತದೆ, ಆದರೆ ಆ ದುಃಖದಲ್ಲೂ ಅವರ ಚೀಲ ತುಂಬಿ ತಯಾರಾಗಿತ್ತು. ತುಂಗಜ್ಜಿಯ ಕಾಲಿಗೆ ಬಿದ್ದು, "ಅರ್ಧಕ್ಕೆ ನಿಂತ ಆಟ ನೀವೇ ಗೆದ್ದಿರಿ ಅಂತ ಇಟ್ಕೊಳ್ಳಿ" ಅಂದರು. ಕೇಶವಯ್ಯನವರಿಗೆ ಕೈ ಮುಗಿದರು. "ಹೋಗಿ ಬರ್ತೀವಮ್ಮ, ಒಳ್ಳೇದಾಗಲಿ" ಎಂದು ಸುಭಾಷಿಣಿಗೆ ಹೇಳಿ, ಗಂಭೀರವಾಗಿ ನಡೆದು, ಗೇಟಿನ ಚಿಲಕ ಹಿಡಿದರು.

ಚಿಲಕ ಏಳಲಿಲ್ಲ.

ಮಾವ ಚೀಲ ಕೆಳಗಿಟ್ಟು ಎರಡೂ ಕೈಯಲ್ಲಿ ಎಳೆದರು. ಸುಭಾಷಿಣಿ ತಲೆಯೆತ್ತಿದಳು.

"ಮಾವ, ಇನ್ನೊಂದ್ಸಲ ಎಳೀರಿ," ಅಂದಳು. ಅವಳು ಅವರನ್ನು ಮಾವ ಎಂದದ್ದು ಅದೇ ಮೊದಲು.

"ಬರ್ತಾ ಇಲ್ಲಮ್ಮ!"

"ಜೋರಾಗಿ ಎಳೀರಿ!"

"ಜೋರಾಗೇ ಎಳೀತಾ ಇದ್ದೀನಿ!"

"ಬರ್ತಾ ಇಲ್ವಾ? ನಿಜವಾಗ್ಲೂ ಬರ್ತಾ ಇಲ್ವಾ?" ಅವಳು ಎದ್ದು ನಿಂತಿದ್ದಳು. ಪೊಟ್ಟಣ ಕೆಸರಿಗೆ ಬಿತ್ತು. "ಅಪ್ಪ, ಹೂವಿದೆ! ಎಲ್ಲೋ ಒಂದು ಹೂವಿದೆ! ಮಾವ, ನೀವು ಚಿಲಕ ಬಿಡಬೇಡಿ, ಹಿಡ್ಕೊಂಡೇ ಇರಿ!"

ಅವಳು ಹಿತ್ತಲಿಗೆ ಓಡಿ, ಮೊಣಕಾಲೂರಿ ಒಂದೊಂದೇ ಗಿಡ ಬಗೆದು ಹುಡುಕತೊಡಗಿದಳು. ಹೊಸ ಕನ್ನಡಕಕ್ಕೆಲ್ಲ ಕೆಸರು. ಗೇಟಿನ ಬಳಿಯಿಂದ ಮಾವ, "ಇನ್ನೂ ಬರ್ತಾ ಇಲ್ಲ" ಎಂದು ಆಗಾಗ ವರದಿ ಒಪ್ಪಿಸುತ್ತಿದ್ದರು. ಕೇಶವಯ್ಯ ಸೀಟಿ ಹೊರಗೆ ತೆಗೆದು ಯಾತಕ್ಕೋ ಊದಿಬಿಟ್ಟರು. ನನಗೆ ಹೇಳಲು ಸಂಕೋಚ. ಗೇಟಿನಲ್ಲಿದ್ದ ಮಾವನಿಗೂ ಕೇಳಿಸುತ್ತಿತ್ತು. ಕೊನೆಗೆ, "ಬಚ್ಚಲ ಮೋರಿ ಹತ್ರ, ಬಾಂಡಲಿ ಕೆಳಗೆ" ಅಂದೆ.

ಬಾಂಡಲಿ ಎತ್ತಿದಾಗ ನಿತ್ಯಪುಷ್ಪದ ನೇರಳೆ ಹೂಗಳು ಗುಂಪಾಗಿ, ಏನೂ ಆಗದವರಂತೆ ಅರಳಿದ್ದವು. ಅವಳು ಬಗ್ಗಿ ನೋಡಿದಳು. ಆಮೇಲೆ ನನ್ನ ಹಣೆಯ ಬುಗುಟು ನೋಡಿದಳು.

"ಯಾವನೋ ಅದನ್ನ ಮುಚ್ಚಿದ್ದು?" ಎಂದು ಮಾವ ಗೇಟಿನಿಂದ ಕೂಗಿದರು.

"ನಾನೇ ಮಾವ."

"ಯಾಕೋ? ಯಾರೋ ನಿನ್ನ ಕೇಳಿದ್ದು?"

ನನಗೆ ಸೀನು ಬಂತು. ಹಿಂದೆಯೇ ಇನ್ನೊಂದು. "ಜೋಡಿ ಸೀನು!" ಎಂದು ತುಂಗಜ್ಜಿ ಜಗಲಿಯಿಂದ ಚಪ್ಪಾಳೆ ತಟ್ಟಿದರು. ಮಾವ ಚೀಲವನ್ನು ಅಲ್ಲೇ ಬಿಟ್ಟು ಬಂದು, ಸಿಟ್ಟಿನಿಂದ ಕವಡೆ ಕೈಗೆತ್ತಿಕೊಂಡರು.

ಮರುದಿನ ಬೆಳಗಿನಿಂದ ಆರೈಕೆ. ಮುರಿದ ಕೊಂಬೆ ಕತ್ತರಿಸುವುದು, ಒರಗಿದ್ದಕ್ಕೆ ಕೋಲು ಕೊಡುವುದು. ಸುಭಾಷಿಣಿಯ ಎರಡೂ ಕೈ ಮಣ್ಣು. "ಹಿಂಡಿ ಮುಗಿದುಹೋಗಿದೆ. ಇವತ್ತೇ ನೆನೆಸಿ ಹಾಕಿದ್ರೆ ಚಿಗುರುತ್ತೆ," ಎಂದು ಯಾರಿಗೂ ಅಲ್ಲದಂತೆ ಹೇಳಿಕೊಂಡಳು. ನಾನು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಗಾಣದ ಅಂಗಡಿ ಮುಂದಿನ ಬೀದಿಯಲ್ಲಿ. ಅಂಗಡಿಯವನು ನನ್ನನ್ನು ಕಂಡು ತೂಕದ ಕಲ್ಲು ಕೈಯಲ್ಲೇ ಹಿಡಿದು ನಿಂತ. ಏನು ಸಾಲ ಗೀಲ ಉಳಿದಿದೆಯೋ ಅಂದುಕೊಂಡೆ. ಕಡಲೆಕಾಯಿ ಹಿಂಡಿ ತುಂಬಿಸಿಕೊಂಡು ವಾಪಸು ಬಂದೆ. ಚೀಲ ಭಾರವಿತ್ತು, ಗೇಟನ್ನು ಮೊಣಕೈಯಲ್ಲಿ ತಳ್ಳಿ ಒಳಗೆ ಬಂದು ಇಳಿಸಿದೆ.

ಜಗಲಿಯಲ್ಲಿ ಕವಡೆಯ ಸದ್ದು ನಿಂತಿತ್ತು. ಮಾವ ಬಾಯಿ ತೆರೆದುಕೊಂಡು ಕುಳಿತಿದ್ದರು. ಕೇಶವಯ್ಯ, "ನಿಲ್ಲಿ!" ಅಂದರು. ನಾನು ನಿಂತೆ.

"ಎಲ್ಲಿಗೆ ಹೋಗಿದ್ದೆಯೋ?" ಅಂದರು ಮಾವ.

"ಹಿಂಡಿ ತರೋಕೆ."

"ಎಲ್ಲಿಂದ ಹೋದೆ?"

"ಗೇಟಿನಿಂದ," ಅಂದೆ. ಅಂದ ಮೇಲೆ ನಾನೂ ತಿರುಗಿ ಗೇಟನ್ನು ನೋಡಿದೆ.

ಸಿಂಗ್ರಿಮಾವ ಆ ವಯಸ್ಸಿನಲ್ಲಿ ಜಗಲಿಯಿಂದ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಓಡಿ ಹೋಗಿ ಚಿಲಕಕ್ಕೆ ಕೈ ಹಾಕಿದರು. ಅದು ಬೆಸುಗೆ ಹಾಕಿದಂತೆ ಕೂತಿತ್ತು. ನನ್ನನ್ನು ಕರೆದರು. ನಾನು ಮುಟ್ಟಿದೆ, ತೆರೆಯಿತು. ಅವರು ಸಂದಿಯಲ್ಲಿ ನುಗ್ಗಲು ಹೋದರು, ಮುಚ್ಚಿಕೊಂಡಿತು. ಮತ್ತೆ ನಾನು, ಮತ್ತೆ ತೆರೆಯಿತು. ಬಾಂಡಲಿಯ ಪಕ್ಕದಲ್ಲಿ ನಿತ್ಯಪುಷ್ಪ ಹಾಗೇ ಅರಳಿತ್ತು.

ಗೇಟು ಯಾರಿಗೆ ತೆರೆಯುತ್ತದೆ ಎಂಬುದು ನಮ್ಮೂರ ಮಕ್ಕಳಿಗೂ ಗೊತ್ತು. ಮನೆಯವರಿಗೆ ತೆರೆಯುತ್ತದೆ, ನೆಂಟನಿಗೆ ತೆರೆಯುವುದಿಲ್ಲ. ಬಂದು ಹೋಗುವ ಅಳಿಯನಿಗೂ ತೆರೆಯುವುದಿಲ್ಲ. ಅಳಿಯಂದಿರು ಮುದುಕರಾಗುವ ತನಕ ನೆಂಟರೇ. ಎಲ್ಲರೂ ಸುಭಾಷಿಣಿಯ ಕಡೆಗೆ ನೋಡಿದರು.

"ಗೇಟು ಕೆಟ್ಟಿರಬೇಕು," ಅಂದಳು ಅವಳು.

"ಕೆಟ್ಟಿದ್ರೆ ನನಗೂ ತೆಗೀಬೇಕಿತ್ತಲ್ಲಮ್ಮ," ಅಂದರು ಮಾವ, ಅಳುವ ದನಿಯಲ್ಲಿ.

"ಹಿಂಡಿ ನೆನೆಹಾಕ್ಬೇಕು," ಎಂದು ಅವಳು ಒಳಗೆ ಹೋದಳು. ಹಿಂಡಿಯ ಚೀಲ ಅಂಗಳದಲ್ಲೇ ಇತ್ತು. ಅವಳು ಅದಕ್ಕಾಗಿ ತಿರುಗಿ ಬರಲು ಬಹಳ ಹೊತ್ತು ಹಿಡಿಯಿತು.

ಆ ವಾರ ನಾನು ಮನೆಗೆ ಹೋಗಲಿಲ್ಲ. ಕೇಳಿದರೆ ಮಾವನನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ ಅನ್ನುತ್ತಿದ್ದೆ. ಅಮ್ಮ ಡಬ್ಬಿ ತಂದಾಗ ಮೊದಲಿನಂತೆಯೇ ಗೋಡೆಯೊಳಗೆ ನಿಂತು ಕೈ ಚಾಚುತ್ತಿದ್ದೆ. ಮಾವ ಹೇಳಿಬಿಡುತ್ತೇನೆಂದು ಹೆದರಿಸುತ್ತಿದ್ದರು, ನನ್ನ ಪಾಲಿನ ಪಲ್ಯ ಅವರ ತಟ್ಟೆಗೆ ಹೋಗುತ್ತಿತ್ತು, ಸುಮ್ಮನಾಗುತ್ತಿದ್ದರು.

ಯುಗಾದಿ ಬಂತು. ಅಷ್ಟು ಹೊತ್ತಿಗೆ ದಾಸವಾಳ ಮತ್ತೆ ಮೊಗ್ಗು ಹಿಡಿದು ಬೇಲಿಯ ತುಂಬ ಕೆಂಪಾಗಿತ್ತು. ಸುಭಾಷಿಣಿ ಬೆಳಗ್ಗೆ ಎಣ್ಣೆನೀರು ಹಾಕಿಕೊಂಡು, ಕೆಸರು ತೊಳೆದು ಇಸ್ತ್ರಿ ಮಾಡಿದ ಹೊಸ ಸೀರೆ ಉಟ್ಟು, ತೋಟದ ನಡುವೆ ಸುಮ್ಮನೆ ಓಡಾಡಿದಳು. ವರ್ಷ ತುಂಬಿತ್ತು. ನಾವೆಲ್ಲ ಬೇವುಬೆಲ್ಲ ಹಿಡಿದುಕೊಂಡು ನೋಡುತ್ತ ನಿಂತಿದ್ದೆವು. ಸಿಂಗ್ರಿಮಾವನೂ ಕಣ್ಣೊರೆಸಿಕೊಂಡರು, ಬೇವು ಹೆಚ್ಚಾಯಿತು ಅಂದರು.

ಮರುದಿನ ಅವಳು ಮಾತು ಉಳಿಸಿಕೊಂಡಳು. ಹೂವನ್ನೆಲ್ಲ ತನ್ನ ಕೈಯಾರೆ ಕಿತ್ತು ಬುಟ್ಟಿಗಳಿಗೆ ತುಂಬಿದಳು. ನಾನು ಸಹಾಯಕ್ಕೆ ಹೋದರೆ, "ಬೇಡ, ಸೀನು ಬರುತ್ತೆ" ಅಂದಳು. ಚಿಲಕ ಎದ್ದಿತು. ಮಾವ ಹೊರಗೆ ಕಾಲಿಟ್ಟು, ಬೀದಿಯನ್ನು ಆಚೆ ಈಚೆ ನೋಡಿ, ಎಲ್ಲಿಗೆ ಹೋಗುವುದೆಂದು ಗೊತ್ತಾಗದವರಂತೆ ಸ್ವಲ್ಪ ಹೊತ್ತು ನಿಂತರು. "ನಾಳೆ ಬರ್ತೀಯಾ ಆಟಕ್ಕೆ?" ಎಂದು ತುಂಗಜ್ಜಿ ಕೂಗಿದರು. "ಬರ್ತೀನಿ, ಆದರೆ ಆಚೆ ಕಡೆ ಗೋಡೆ ಹತ್ರಾನೇ ಕೂರೋದು," ಅಂದರು ಮಾವ.

ನಾನು ಕೊನೆಗೆ ಹೊರಟೆ. ಸುಭಾಷಿಣಿ ಗೇಟಿನ ತನಕ ಬಂದಳು.

"ಲೆನ್ಸಿನ ಪೆಟ್ಟಿಗೆ ಇಲ್ಲೇ ಬಿಟ್ಟಿದ್ದೀರಿ," ಅಂದಳು.

"ಸಂಜೆ ಬಂದು ತಗೊಳ್ತೀನಿ."

"ಸಂಜೆಗೆ ಸಂಜೆಮಲ್ಲಿಗೆ ಅರಳಿರುತ್ತೆ."

"ಅರಳಲಿ," ಅಂದೆ.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅದರಲ್ಲಿ ಕೊಳೆಯೇನೂ ಇರಲಿಲ್ಲ.

ಮನೆಯಲ್ಲಿ ಅಮ್ಮ ನನಗಾಗಿ ಒಬ್ಬಟ್ಟು ಎತ್ತಿಟ್ಟಿದ್ದಳು. ಅಂಗಡಿಯ ಲಾಭ ನಷ್ಟ, ಬೀದಿಯ ಸುದ್ದಿ, ಅವಳು ಮೂರು ತಿಂಗಳಿಂದ ಗೋಡೆಯಾಚೆ ನಿಂತು ಹೇಳಲಾಗದ್ದನ್ನೆಲ್ಲ ಹೇಳಿದಳು. ನಾನು ಉಂಡೆ, ಕಾಫಿ ಕುಡಿದೆ, ಸ್ವಲ್ಪ ಮಲಗಿ ಎದ್ದೆ. ಸಂಜೆ ಮುಖ ತೊಳೆದು, ಅಂಗಿ ಬದಲಾಯಿಸಿ, "ಒಂದು ಗಳಿಗೆ ಹೊರಗೆ ಹೋಗಿ ಬರ್ತೀನಮ್ಮ" ಎಂದು ಗೇಟಿಗೆ ಬಂದೆ.

ಚಿಲಕ ಏಳಲಿಲ್ಲ.

ತುಕ್ಕು ಹಿಡಿದಿರಬೇಕೆಂದು ಕೊಬ್ಬರಿ ಎಣ್ಣೆ ತಂದು ಹಾಕಿದೆ. ಎರಡೂ ಕೈಯಲ್ಲಿ ಎಳೆದೆ. ನಾನು ಹುಟ್ಟಿ ಬೆಳೆದ ಮನೆಯ ಗೇಟು ಅದು. ಚಿಕ್ಕವನಿದ್ದಾಗ ಅದರ ಮೇಲೆ ಜೋಲಾಡಿದ್ದೇನೆ. ನಮ್ಮ ಅಂಗಳದಲ್ಲಿರುವುದು ಒಂದೇ ಗಿಡ, ಅಮ್ಮನ ದುಂಡುಮಲ್ಲಿಗೆ. ಬೇಸಿಗೆಯ ಮೊದಲ ಹೂ ಬಿಟ್ಟಿತ್ತು. ನಾನು ಅದನ್ನು ನೋಡಿದೆ. ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮೊದಲು ಅವಳಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗು ಹಾಗೇ ಬಾಯಿಯ ಮೇಲೆ ಉಳಿಯಿತು.

"ಯಾವಾಗಿಂದ?" ಎಂದು ಕೇಳಿದಳು.

"ಒಂದು ವಾರ ಆಯ್ತು."

"ಅವಳು ಬೇಡ ಅಂದಿದ್ದಳಲ್ಲೋ."

"ನಾನೂ ಅಂದಿದ್ದೆ."

ಅಮ್ಮ ಒಳಗೆ ಹೋಗಿ ಒಂದು ಬಾಳೆಲೆಯ ತುಂಡು ತಂದಳು. ಗಿಡದ ಮುಂದೆ ಮಣೆ ಹಾಕಿಕೊಂಡು ಕುಳಿತು ಹೂ ಬಿಡಿಸತೊಡಗಿದಳು. ಯಾವಾಗಲೂ ಅದು ಅವಳಿಗೆ ಎರಡು ನಿಮಿಷದ ಕೆಲಸ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎಲೆ ಹಿಡಿದುಕೊಂಡೆ. ಅವಳು ಹುಡುಗಿಯ ಬಗ್ಗೆ ಒಂದೊಂದೇ ಕೇಳಿದಳು, ಅಡುಗೆಗೆ ಹುಳಿ ಎಷ್ಟು ಹಾಕುತ್ತಾಳೆ, ಸಿಟ್ಟು ಬಂದರೆ ಏನು ಮಾಡುತ್ತಾಳೆ, ನನ್ನ ಸೀನಿಗೆ ಏನನ್ನುತ್ತಾಳೆ. ನಾನು ಹೇಳುತ್ತ ಹೋದೆ. ಅದು ಮಲ್ಲಿಗೆ ಬಿರಿಯುವ ಹೊತ್ತು. ಅಮ್ಮ ಒಂದು ಕಿತ್ತರೆ ಇನ್ನೊಂದು ಮೊಗ್ಗು ಬಾಯಿ ಬಿಡುತ್ತಿತ್ತು. ಅದನ್ನು ಕೀಳುವಷ್ಟರಲ್ಲಿ ಮತ್ತೊಂದು. ಅಮ್ಮ ಅವಸರ ಮಾಡಲಿಲ್ಲ. ನಾನೂ ಮಾಡಲಿಲ್ಲ.